ಕಾಲಿಡಲಾಗದ ಹಲಗೆ

ಅವರ ಮುಖಕ್ಕಿಂತ ಮೊದಲು ನನಗೆ ನೆನಪಾಗುವುದು ಅವರ ಕಾಲು. ಬರಿಗಾಲು. ಅಗಲವಾದ ಪಾದ, ಒಂದರಿಂದೊಂದು ದೂರ ಸರಿದು ನಿಂತ ಬೆರಳುಗಳು, ಹಿಮ್ಮಡಿಯಲ್ಲಿ ಬಿರುಕು. ನಮ್ಮ ಆರ್ಕೆಸ್ಟ್ರಾದ ಉಳಿದವರೆಲ್ಲ ಸ್ಟೇಜಿಗೆಂದೇ ಕೊಂಡ ಮಿರಿಮಿರಿ ಬೂಟು ಹಾಕಿಕೊಂಡು ಮೇಲೇರುತ್ತಿದ್ದರೆ, ಇವರು ಮಾತ್ರ ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟು ಗುಡಿ ಹೊಕ್ಕವರಂತೆ ಹತ್ತುತ್ತಿದ್ದರು. ಯಾಕೆಂದು ಕೇಳಿದರೆ ಒಂದೇ ಉತ್ತರ. "ಬೂಟ್ ಹಾಕ್ಕೊಂಡು ಒತ್ತಿದ್ರ ಕಾಲಿಗೆ ಏನ್ ತಿಳೀತೈತ್ರಿ? ಕೈಗವಸ ಹಾಕ್ಕೊಂಡು ರೊಟ್ಟಿ ಬಡದಂಗಾಗತೈತಿ."

ಊರಿಗೆಲ್ಲ ಅವರು ಕಾಕಾ. ಭಾಗ್ಯನಗರದಲ್ಲಿ ಹುಟ್ಟಿ, ಅಲ್ಲೇ ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದು, ಹೋದ ಶ್ರಾವಣದಲ್ಲಿ ಅಲ್ಲೇ ತೀರಿಕೊಂಡರು. ನಡುವೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಅಂತ ಎಲ್ಲಿ ಮದುವೆ, ಎಲ್ಲಿ ಗಣಪತಿ, ಎಲ್ಲಿ ಶಾಲೆಯ ಗ್ಯಾದರಿಂಗ್ ಇದ್ದರೂ ಗಿಟಾರ್ ಬಾರಿಸಿದರು. ನಾನು ಯಲಬುರ್ಗಾ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುವವನು. ರಜೆ ಬಂತೆಂದರೆ ಅದೇ ಆರ್ಕೆಸ್ಟ್ರಾದಲ್ಲಿ ಕೀಬೋರ್ಡು. ಸ್ಟೇಜಿನ ಮೇಲೆ ನನ್ನ ಜಾಗ ಯಾವತ್ತೂ ಅವರ ಬಲಮಗ್ಗುಲಿಗೆ.

ಒತ್ತುವುದು ಏನನ್ನು ಎಂದು ಮೊದಲೇ ಹೇಳಿಬಿಡುತ್ತೇನೆ. ಎಲೆಕ್ಟ್ರಿಕ್ ಗಿಟಾರಿನ ವೈರು ನೆಟ್ಟಗೆ ಸ್ಪೀಕರಿಗೆ ಹೋದರೆ ಅದರ ದನಿ ಬೋಳು. ನಡುವೆ ಅಂಗೈಯಗಲದ ಲೋಹದ ಡಬ್ಬಿಗಳನ್ನಿಟ್ಟರೆ ದನಿಗೆ ಬಣ್ಣ ಬರುತ್ತದೆ. ಒಂದು ಡಬ್ಬಿ ಅದನ್ನು ಒರಟು ಮಾಡುತ್ತದೆ, ಒಂದು ನೀರಿನ ಮೇಲೆ ತೇಲಿಸುತ್ತದೆ, ಇನ್ನೊಂದು ಬಾರಿಸಿದ್ದನ್ನೇ ದೂರದಿಂದ ತಿರುಗಿ ಕೇಳಿಸುತ್ತದೆ. ಇವಕ್ಕೆ ಪೆಡಲ್ ಎನ್ನುತ್ತಾರೆ. ಗಿಟಾರಿನವನ ಎರಡೂ ಕೈ ತಂತಿಯ ಮೇಲಿರುವುದರಿಂದ ಹಾಡಿನ ಮಧ್ಯೆ ಬಣ್ಣ ಬದಲಿಸುವ ಕೆಲಸ ಕಾಲಿನದು. ಪಲ್ಲವಿ ಮುಗಿದು ಚರಣ ಶುರುವಾಗುವ ಆ ಒಂದು ಉಸಿರಿನಲ್ಲಿ ಕಾಲು ಸರಿಯಾದ ಡಬ್ಬಿಯ ಗುಂಡಿ ಹುಡುಕಿ ಒತ್ತಬೇಕು. ಎಷ್ಟೋ ಜನ ಬಗ್ಗಿ ನೋಡಿ ಒತ್ತುತ್ತಾರೆ. ಕಾಕಾ ಕತ್ತು ಬಗ್ಗಿಸಿದ್ದನ್ನು ನಾನು ಯಾವತ್ತೂ ನೋಡಿಲ್ಲ.

"ಮಗ್ಗದ ಕುಣಿಯಾಗ ಕತ್ತಲಿ ಇರತೈತಿ ಮಾಸ್ತರ," ಎನ್ನುತ್ತಿದ್ದರು. "ಯಾವ ಹಲಗಿ ಯಾವಾಗ ತುಳೀಬೇಕು ಅಂತ ಕಾಲಿಗೇ ಗೊತ್ತಿರಬೇಕು. ಕಣ್ಣ ಕೇಳಾಕ ಹೋದ್ರ ಸೀರಿ ಕೆಟ್ಟ ಹೋಗತೈತಿ."

ಅವರ ಮೊದಲ ಪೆಡಲ್ ಬಂದ ಕತೆಯನ್ನು ಹೇಳುತ್ತಿದ್ದದ್ದು ಅವರಲ್ಲ, ಅವರ ಹೆಂಡತಿ ಕಾಕಿ. ಆಗ ಹೊಳೆಯ ನಡುವಿನ ವಿರೂಪಾಪುರಗಡ್ಡೆಯಲ್ಲಿ ಪರದೇಶದವರು ಬಂದು ಇಳಿದುಕೊಳ್ಳುವ ಗುಡಿಸಲುಗಳಿದ್ದವು. ಸಂಜೆ ಗದ್ದೆಯ ಬದಿಗೆ ಕೂತು ಬಾರಿಸಲು ಕಾಕಾನನ್ನು ಕರೆಯುತ್ತಿದ್ದರು. ಅಲ್ಲಿ ಒಬ್ಬ ಉದ್ದನೆಯ ಆಸಾಮಿಯ ಹತ್ತಿರ ಆ ದೂರದಿಂದ ಕೇಳಿಸುವ ಡಬ್ಬಿ ಇತ್ತು. ಕಾಕಾ ಅದರ ಮೇಲೆ ಮನಸ್ಸಿಟ್ಟರು, ಅವನು ಕಾಕಾ ನೇಯ್ದ ಸೀರೆಯ ಮೇಲೆ ಮನಸ್ಸಿಟ್ಟ. ಬದಲಾಬದಲಿ ಆಯಿತು.

"ಅದು ನನಗಂತ ನೇದ ಸೀರಿರಿ," ಎಂದು ಕಾಕಿ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. "ಸೆರಗಿನ್ಯಾಗ ಟೋಪ ತೆನಿ ಚಿತ್ತಾರ. ನಾ ಉಡೋದನ್ನ ಅಂವ ಸೊಂಟಕ್ಕ ಸುತಗೊಂಡು ಹೊಳಿ ದಾಟ್ಯಾನ. ಇವರು ನನಗೊಂದು ಸವತಿ ತಂದು ಮನ್ಯಾಗ ಇಟ್ಟಾರ." ಅಂದಿನಿಂದ ಆ ಡಬ್ಬಿಗೆ ಮನೆಯಲ್ಲಿ ಸವತಿ ಎಂದೇ ಹೆಸರು. ಕಾಕಾ ಹೊರಡುವಾಗ ಕಾಕಿ ಬಾಗಿಲಿಗೆ ಬಂದು "ಸವತಿ ಬಂದಳೇನ್ ಚೀಲದಾಗ?" ಎಂದು ಕೇಳುತ್ತಿದ್ದರು. ಮರೆತು ಹೋಗದಿರಲಿ ಎಂಬ ಕಾಳಜಿ ಆ ಕೊಂಕಿನಲ್ಲಿತ್ತು.

ಚೀಲ ಎಂದರೆ ನಿಜವಾಗಿಯೂ ಚೀಲ. ಗಂಗಾವತಿಯ ಅಕ್ಕಿ ಬಂದದ್ದು. ಪೆಡಲ್‌ಗಳು ಒಂದರಿಂದ ಎರಡು, ಎರಡರಿಂದ ನಾಲ್ಕಾದಂತೆ ಆ ಚೀಲದೊಳಗೆ ವೈರುಗಳು ಗಂಟು ಬೀಳತೊಡಗಿದವು. ಸ್ಟೇಜಿನ ಮೇಲೆ ಅವನ್ನು ಬಿಡಿಸಿ, ಒಂದೊಂದೇ ಜೋಡಿಸಿ, ಕರೆಂಟು ಕೊಡುವಷ್ಟರಲ್ಲಿ ನಮ್ಮ ನಿರೂಪಕರ ಬತ್ತಳಿಕೆಯ ನಗೆಹನಿಗಳೆಲ್ಲ ಖಾಲಿ. ಕುಷ್ಟಗಿಯ ಒಂದು ಮದುವೆಯಲ್ಲಿ ಹುಡುಗಿಯ ಸೋದರಮಾವ ಮೇಲೆ ಬಂದು, ಮಂಡಿಯೂರಿ ಕೂತ ಕಾಕಾನನ್ನು ನೋಡಿ, "ಕರೆಂಟ್ ರಿಪೇರಿಯವ್ರು ಲಗೂ ಇಳೀರಿ, ಹಾಡೋರು ಹತ್ತಲಿ" ಅಂದುಬಿಟ್ಟ. ನಾವೆಲ್ಲ ನಕ್ಕೆವು. ಕಾಕಾನೂ ನಕ್ಕರು, ಆದರೆ ಹೊಡೆತ ತಾಗಿತ್ತು. ಪೆಡಲ್‌ಗಳನ್ನು ಒಂದೇ ಹಲಗೆಗೆ ಬಿಗಿದು, ಎತ್ತಿದರೆ ಎದ್ದುಬರುವಂತೆ, ಇಟ್ಟರೆ ಕೂಡುವಂತೆ ಮಾಡಿಕೊಳ್ಳಬೇಕೆಂದು ಅಂದೇ ಹಟ ಹಿಡಿದರು.

ಇಂಥ ಹಲಗೆ ಕಂಪನಿಯವರೂ ಮಾಡುತ್ತಾರೆ. ನಾನು ಮೊಬೈಲಿನಲ್ಲಿ ತೋರಿಸಿದೆ. ಬೆಲೆ ನೋಡಿ, ತೂಕ ನೋಡಿ ಮೊಬೈಲನ್ನು ಬೋರಲು ಹಾಕಿ ನನ್ನ ಕೈಗಿತ್ತರು. "ಹೊರಾಕ ಒಬ್ಬಾಂವ ಬೇಕು, ಕೊಳ್ಳಾಕ ಮನಿ ಮಾರಬೇಕು. ಬ್ಯಾಡ್ರಿ." ಅವರಿಗೆ ಬೇಕಾದದ್ದು ಬೇರೆ. ಬೆನ್ನಿಗೆ ಗಿಟಾರ್ ಹಾಕಿಕೊಂಡು ಯಲಬುರ್ಗಾ ಬಸ್ಸು ಹತ್ತಿದರೆ ಎರಡು ಮೊಣಕಾಲ ನಡುವೆ ಹಲಗೆ ನಿಲ್ಲಬೇಕು. ಕಂಡಕ್ಟರು ಲಗೇಜು ಎನ್ನಬಾರದು. ಒಂದು ಕಪ್ ಚಹಾ ಆರುವುದರೊಳಗೆ ದನಿ ಬರಬೇಕು. ಬರಿಗಾಲಿಟ್ಟರೆ ಜಾರಬಾರದು.

ಮೊದಲು ಹಳೆಯ ಮಗ್ಗದ ತುಳಿಯುವ ಹಲಗೆಯನ್ನೇ ಕೊಯ್ದು ಮಾಡಿಕೊಂಡರು. ಅದು ಒಂದು ತಲೆಮಾರು ತುಳಿಸಿಕೊಂಡು ಕಲ್ಲಾದ ಜಾಲಿಮರ. ಎತ್ತಿದ ಮೊದಲ ದಿನವೇ ಭುಜ ಹಿಡಿಯಿತು. ಆಮೇಲೆ ಕಿಟಕಿ ಮಾಡುವವರ ಹತ್ತಿರ ಅಲ್ಯುಮಿನಿಯಂ ಪಟ್ಟಿಯದು ಮಾಡಿಸಿದರು. ಹಗುರಕ್ಕೆ ಹಗುರ, ಚೆಂದಕ್ಕೆ ಚೆಂದ. ಆದರೆ ಗಣಪತಿ ಪೆಂಡಾಲಿನ ಕರೆಂಟಿಗೆ ಅರ್ಥಿಂಗ್ ಎಂಬುದೇ ಇರುವುದಿಲ್ಲ, ಕಾಕಾನ ಕಾಲಿಗೆ ಬೂಟಿಲ್ಲ. ಪಲ್ಲವಿಯ ನಡುವೆ ಅವರು ಮೊಳದೆತ್ತರ ಜಿಗಿದದ್ದನ್ನು ನೋಡಿ ಜನ ಡಾನ್ಸ್ ಎಂದು ಸೀಟಿ ಹೊಡೆದರು. ನಾನು ಮನೆಗೆ ಬಂದವನೇ ವಿದ್ಯುತ್ ಪಾಠ ಹೇಳತೊಡಗಿದೆ. "ಪಾಠ ಕಾಲಿಗೇ ಆಗೇತಿ ಮಾಸ್ತರ, ಮತ್ಯಾಕ ಬಾಯಿಲೆ ಹೇಳ್ತೀರಿ" ಎಂದು ಆ ಹಲಗೆಯನ್ನು ಕಾಕಿಯ ಪಾತ್ರೆ ಇಡಲು ಕೊಟ್ಟುಬಿಟ್ಟರು.

ಕೊನೆಗೆ ಕಿನ್ನಾಳಕ್ಕೆ ಹೋದರು. ಅಲ್ಲಿ ಗೊಂಬೆ ಮಾಡುವ ಮರ ಕೈಯಲ್ಲಿ ಹಿಡಿದರೆ ಹಿಡಿದಂತೆಯೇ ಅನಿಸುವುದಿಲ್ಲ, ಅಷ್ಟು ಹಗುರ. ಚಿತ್ರಗಾರರೊಬ್ಬರು ಕಾಕಾನ ಹಳೆಯ ಗೆಳೆಯರು. "ಬಾಜಾ ಇಡಾಕ ಒಂದು ಹಗೂರ ಹಲಗಿ ಬೇಕಪಾ, ಭಕ್ತಿಲೆ ಮಾಡಿಕೊಡು" ಎಂದು ಅಳತೆ ಕೊಟ್ಟು ಬಂದರು. ಚಿತ್ರಗಾರರು ಭಕ್ತಿಯಿಂದಲೇ ಮಾಡಿದರು. ತಿಂಗಳಾದ ಮೇಲೆ ನಾವಿಬ್ಬರೂ ನನ್ನ ಬೈಕಿನಲ್ಲಿ ಹೋದಾಗ, ಚಿತ್ರಗಾರರು ಒಳಗಿನಿಂದ ಬಿಳಿ ವಸ್ತ್ರದಲ್ಲಿ ಸುತ್ತಿದ್ದನ್ನು ಎರಡು ಕೈಯಲ್ಲಿ ತಂದು ಬಿಚ್ಚಿದರು. ಹಲಗೆಯ ನಟ್ಟನಡುವೆ ಹಂಸದ ಪಕ್ಕ ಕೂತ ಸರಸ್ವತಿ. ತೊಡೆಯ ಮೇಲೆ ವೀಣೆ, ಸುತ್ತ ಹಸಿರು ಬಳ್ಳಿ, ಅಂಚಿಗೆ ಬಂಗಾರದಂಥ ಹೊಳಪು. ನಾನು ಅಷ್ಟು ಚೆಂದದ ಕಣ್ಣು ಯಾವ ಚಿತ್ರದಲ್ಲೂ ನೋಡಿಲ್ಲ.

"ಭಾಳ ಛಲೋ ಆಗೇತಿ," ಎಂದರು ಕಾಕಾ, ಮುಖ ಸಪ್ಪಗಾಗಿತ್ತು. "ಆದ್ರ ಇದರ ಮ್ಯಾಲ ನಾ ಕಾಲ ಹ್ಯಾಂಗ ಇಡ್ಲಿ?"

ಚಿತ್ರಗಾರರು ನಾಲಿಗೆ ಕಚ್ಚಿಕೊಂಡರು. "ಕಾಲಾ? ಕಾಲ್ಯಾಕ ಇಡ್ತೀರಿ? ಬಾಜಾ ಬಾರ್ಸೋದು ಕೈಲೆ ಅಲ್ಲೇನ್ರೀ?"

ತಪ್ಪು ಯಾರದೆಂದು ಹೇಳುವುದು? ವಾದ್ಯವನ್ನಿಡುವ ಹಲಗೆ ಎಂದರೆ ನಮ್ಮ ಕಡೆ ಸರಸ್ವತಿಯನ್ನು ಬಿಟ್ಟು ಬೇರೇನು ಬರೆದಾರು? ಚಿತ್ರ ಕೆರೆದು ಬರೀ ಬಣ್ಣ ಹಚ್ಚಿ ಕೊಡುತ್ತೇನೆಂದು ಅವರು ಉಳಿ ತರಲು ಎದ್ದರು. ಕಾಕಾ ಅವರ ಕೈ ಹಿಡಿದು ಕೂಡಿಸಿದರು. "ಬರದ ತಾಯಿನ್ನ ಕೆರೀತಿಯೇನ? ಮುಟ್ಟಬ್ಯಾಡ." ಬೈಕಿನ ಹಿಂದೆ ಆ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಗಾಳಿಗೆ ವಸ್ತ್ರ ಹಾರದಂತೆ ಎರಡೂ ಕೈಯಿಂದ ಒತ್ತಿಹಿಡಿದು ಬಂದರು. ಕಾಕಿ ಅದನ್ನು ಪಡಸಾಲೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿ, ದಿನಾ ಒಂದು ಹೂವು ಏರಿಸತೊಡಗಿದರು.

ಸ್ಟೇಜಿಗೆ ಮಾತ್ರ ಕಾಕಾ ತಾವೇ ಒಂದು ಮಾಡಿಕೊಂಡರು. ತೆಳ್ಳನೆಯ ಪ್ಲೈವುಡ್, ಹಿಂಬದಿಗೆ ಸ್ವಲ್ಪ ಎತ್ತರ, ಜಾರದಂತೆ ಸೈಕಲ್ ಟ್ಯೂಬಿನ ಪಟ್ಟಿ, ಹಳೆಯ ಟ್ರಂಕಿನ ಹಿಡಿಕೆ. ನೋಡಲು ಏನೇನೂ ಇರಲಿಲ್ಲ, ಆದರೆ ಅವರಿಗೆ ಬೇಕಾದದ್ದೆಲ್ಲ ಇತ್ತು. ವರ್ಷಾನುಗಟ್ಟಲೆ ಅದೇ ಹಲಗೆಯ ಮೇಲೆ ಬಾರಿಸಿದರು. ಶುರು ಮಾಡುವ ಮೊದಲು ಬಗ್ಗಿ ಅದನ್ನು ಬೆರಳಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಪುಸ್ತಕಕ್ಕೆ ಕಾಲು ತಾಗಿದರೆ ನಾವು ಆಮೇಲೆ ಮುಟ್ಟಿ ನಮಸ್ಕರಿಸುತ್ತೇವಲ್ಲ, ಇವರು ಮೊದಲೇ. "ಗೊತ್ತಿದ್ದು ಗೊತ್ತಿದ್ದು ತುಳಿಯಾಕತ್ತೇನಿ. ಮಾಫಿ ಮೊದಲ ಕೇಳಬೇಕು."

ಹೊಗಳುವುದು ಅವರಿಗೆ ಬರುತ್ತಿರಲಿಲ್ಲ. ದನಿ ಹಿಡಿಸದಿದ್ದರೆ "ಹಸಿ ಐತಿ" ಎನ್ನುವರು, ಹಿಡಿಸಿದರೆ "ಕುದ್ದೈತಿ". ನನ್ನ ಕೀಬೋರ್ಡಿಗೆ ಅವರು ಕೊಟ್ಟ ಸರ್ಟಿಫಿಕೇಟು ಬಹುಕಾಲ "ಹಸಿ"ಯೇ. ಹಾಡು ಮುಗಿದೊಡನೆ ನಾನು ಅವರ ಮುಖ ನೋಡುವುದು, ಅವರು ತುಟಿ ಮುಂದೆ ಮಾಡುವುದು ನಡೆದೇ ಇತ್ತು. ಮದುವೆಮನೆಯ ಊಟದಲ್ಲಿ ಮಾತ್ರ ಅವರು ಉದಾರಿ. ಸಕ್ಕರೆ ಕಾಯಿಲೆ ಇತ್ತು, ಗುಳಿಗೆಯೂ ಇತ್ತು. ಗುಳಿಗೆ ನುಂಗಿದ ಧೈರ್ಯದ ಮೇಲೆ ಜಿಲೇಬಿ ಎರಡು ಹೆಚ್ಚು.

ಗಂಗಾವತಿಯ ಒಂದು ಕಾರ್ಯಕ್ರಮ ಮುಗಿಸಿ ಸಾಮಾನು ಕಟ್ಟುವಾಗ ಸವತಿಯ ಗುಂಡಿಯ ಮೇಲೆ ಕೆಂಪಗೆ ಏನೋ ಅಂಟಿದ್ದನ್ನು ನೋಡಿದೆ. ಕುಂಕುಮವೆಂದುಕೊಂಡೆ. ಬೆರಳಿಗೆ ಹತ್ತಿತು. ಹಲಗೆಯ ತುಂಬ ಅದೇ ಇತ್ತು.

"ಕಾಕಾ, ರಕ್ತ ಐತ್ರಿ ಇಲ್ಲೆ."

ಅವರು ಕುರ್ಚಿಯ ಮೇಲೆ ಕೂತು ಬಲಗಾಲು ಎತ್ತಿ ತಿರುಗಿಸಿ ನೋಡಿಕೊಂಡರು. ಸ್ಟೇಜಿನ ಹಲಗೆಯ ಮೊಳೆಯೊಂದು ಅಂಗಾಲಿಗೆ ಹೊಕ್ಕು ಮುರಿದಿತ್ತು. ಯಾರದೋ ಕಾಲು ನೋಡುವವರಂತೆ ನೋಡುತ್ತಿದ್ದರು.

"ನೋವ ಇಲ್ಲಲ್ಲ ಮಾಸ್ತರ," ಎಂದರು. "ಚೂರೂ ನೋವ ಇಲ್ಲ."

ಆ ಮಾತು ಕೇಳಿ ನನಗೆ ಆದ ಹೆದರಿಕೆಯನ್ನು ಇವತ್ತಿಗೂ ಮರೆತಿಲ್ಲ. ಕತ್ತಲ ಕುಣಿಯಲ್ಲಿ ಹಲಗೆ ಗುರುತಿಸುತ್ತಿದ್ದ ಕಾಲು ಅದು. ಸಕ್ಕರೆ ಅದರ ಅರಿವನ್ನೇ ತಿಂದು ಹಾಕಿತ್ತು. ಎಷ್ಟು ದಿನದಿಂದ ಅವರು ಬರೀ ರೂಢಿಯ ಮೇಲೆ ಒತ್ತುತ್ತಿದ್ದರೋ, ನಮಗೆ ಯಾರಿಗೂ ತಿಳಿಯಗೊಡಲಿಲ್ಲ. ಕೊಪ್ಪಳದ ಡಾಕ್ಟರು ಹುಬ್ಬಳ್ಳಿಗೆ ಬರೆದರು. ಹುಬ್ಬಳ್ಳಿಯಲ್ಲಿ ಮೊದಲು ಬೆರಳು, ಆಮೇಲೆ ಪಾದ, ಕೊನೆಗೆ ಮೊಣಕಾಲ ಕೆಳಗೆ ತೆಗೆದರು.

ಮನೆಗೆ ಬಂದ ಮೇಲೆ ಅವರ ಬಾಯಲ್ಲಿ ಇದ್ದದ್ದು ಒಂದೇ. ಸ್ಟೇಜು ಹತ್ತಬೇಕು, ತಮ್ಮ ದನಿಯಲ್ಲೇ ಬಾರಿಸಬೇಕು. ಕೂತು ಬಾರಿಸಬಹುದು, ಕೈಗೇನೂ ಆಗಿಲ್ಲ. ಆದರೆ ಒತ್ತುವುದು? ಎಡಗಾಲಿನಿಂದ ಪ್ರಯತ್ನಿಸಿದರು. ಆ ಕಾಲಿಗೂ ಅರಿವು ಹೋಗಿತ್ತು. ಒಂದು ಒತ್ತಲು ಹೋದರೆ ಎರಡು ಒತ್ತಿಬಿಡುತ್ತಿತ್ತು, ದನಿ ಕಿರುಚುತ್ತಿತ್ತು. ನಮ್ಮ ಆರ್ಕೆಸ್ಟ್ರಾದ ಮಾಲೀಕರು ಕೆಟ್ಟವರಲ್ಲ, ಬಂದು ಪಕ್ಕದಲ್ಲಿ ಕೂತು, "ಡಬ್ಬಿ ಬಿಡ್ರಿ ಕಾಕಾ, ಬರೇ ಗಿಟಾರ ಬಾರ್ಸ್ರಿ, ಜನಕ್ಕೇನ್ ತಿಳೀತೈತಿ" ಎಂದರು. ಕಾಕಾ ಗೋಡೆಗೆ ಮುಖ ತಿರುಗಿಸಿದರು. ಮಾಲೀಕರು ಹೋದ ಮೇಲೆ ನನಗೆ ಹೇಳಿದರು, "ನನಗ ತಿಳೀತೈತಲ್ಲ." ಅಷ್ಟು ಹೇಳಿ ಅತ್ತರು. ಅವರು ಅತ್ತದ್ದನ್ನು ಮೊದಲ ಸಲ ನೋಡಿದೆ. ನಾನು ಚಾದರ ಸರಿಮಾಡಿದೆ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಾಕಿ ಸ್ಟೂಲು ಎಳೆದುಕೊಂಡು ಹತ್ತಿ, ಗೋಡೆಯ ಮೇಲಿದ್ದ ಸರಸ್ವತಿಯ ಹಲಗೆಯನ್ನು ಇಳಿಸಿದರು. ಸೆರಗಿನಿಂದ ಕುಂಕುಮ ಒರೆಸಿದರು, ಒಣಗಿದ ಹೂವು ತೆಗೆದರು, ತಂದು ಹಾಸಿಗೆಯ ಮೇಲೆ ಇಟ್ಟರು. ಚಾದರ ಚಪ್ಪಟೆಯಾಗಿ ಬಿದ್ದಿದ್ದ ಜಾಗದಲ್ಲಿ, ಕಾಲು ಇರಬೇಕಾದ ಕಡೆ.

"ಕಾಲಿಡಬಾರದಂತ ಗ್ವಾಡಿಗೆ ಹಾಕಿದ್ರಿ," ಎಂದರು. "ಈಗ ಇಡಾಕ ಕಾಲಾದ್ರೂ ಎಲ್ಲೈತಿ?"

ಎಂಥ ಮಾತು. ಹೇಳಿದವರೇ ಬಾಯಿಗೆ ಸೆರಗು ತುರುಕಿಕೊಂಡು ಒಳಗೆ ಹೋದರು. ಕಾಕಾ ಹಲಗೆಯನ್ನು ನೋಡಿದರು. ಆಮೇಲೆ ಕಣ್ಣು ನನ್ನ ಕಡೆ ತಿರುಗಿತು. "ಮಾಸ್ತರ, ನಿಮ್ಮ ಎಡಗೈ ಏನ್ ಅಂಥಾ ಭಾರೀ ಕೆಲಸ ಮಾಡೂದಿಲ್ಲಲ್ಲ?"

ಅದು ಮುಟ್ಟಿ ನೋಡಿಕೊಳ್ಳುವಂಥ ನಿಜ. ನನ್ನ ಎಡಗೈ ಒಂದು ಸ್ವರಗುಚ್ಛ ಹಿಡಿದುಕೊಂಡು ಸುಮ್ಮನೆ ಕೂಡುವಂಥದ್ದು.

ದೇವಿಯ ಮುಖ ಮುಚ್ಚದಂತೆ ಪೆಡಲ್‌ಗಳನ್ನು ಸುತ್ತ ಜೋಡಿಸಿದೆವು. ಒರಟು ಮಾಡುವುದು ಬಳ್ಳಿಯ ಮೇಲೆ, ತೇಲಿಸುವುದು ಹಂಸದ ಹತ್ತಿರ, ಸವತಿ ವೀಣೆಯ ಬುರುಡೆಯ ಪಕ್ಕ. ಹಲಗೆಯನ್ನು ಒಂದು ಕುರ್ಚಿಯ ಮೇಲಿಟ್ಟು ನಮ್ಮಿಬ್ಬರ ನಡುವೆ ಹಾಕಿಕೊಂಡರೆ ನನ್ನ ಎಡಗೈಗೆ ಎಟುಕುತ್ತಿತ್ತು. ಎಟುಕಿದರೆ ಆಯಿತೇ? ಯಾವಾಗ ಒತ್ತಬೇಕು? ಅವರು ತಲೆ ಅಲ್ಲಾಡಿಸಿ ಸನ್ನೆ ಮಾಡಿ ನೋಡಿದರು, ಹುಬ್ಬು ಹಾರಿಸಿ ನೋಡಿದರು, "ಹ್ಞಾಂ" ಅಂದು ನೋಡಿದರು. ಎಲ್ಲ ತಡ. ಸನ್ನೆ ಬಂದು ನಾನು ಒತ್ತುವಷ್ಟರಲ್ಲಿ ಚರಣ ಮುಂದೆ ಹೋಗಿರುತ್ತಿತ್ತು. "ಹಸಿ, ಹಸಿ" ಎಂದು ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಒಂದು ರವಿವಾರ ಹಾಗೆ ಕೂತಾಗ ನನ್ನ ಕಣ್ಣು ಅವರ ಬಲತೊಡೆಯ ಮೇಲೆ ಬಿತ್ತು. ಪಲ್ಲವಿ ಮುಗಿಯುತ್ತ ಬಂದಂತೆ ಧೋತರದ ಕೆಳಗೆ ಆ ತೊಡೆ ಮೆಲ್ಲಗೆ ಎದ್ದಿತು, ಸ್ವಲ್ಪ ಎಡಕ್ಕೆ ಹೊರಳಿತು, ಕೆಳಗೆ ಒತ್ತಿತು. ಕಾಲು ಹೋಗಿತ್ತು. ಒತ್ತುವುದು ಹೋಗಿರಲಿಲ್ಲ. ಅವರಿಗೆ ಅದು ಗೊತ್ತೇ ಇರಲಿಲ್ಲ. ನಾನು ಹೇಳಲೂ ಇಲ್ಲ, ಹೇಗೆ ಹೇಳಲಿ? ಅಂದಿನಿಂದ ಅವರ ತಲೆ, ಹುಬ್ಬು ಬಿಟ್ಟು ತೊಡೆಯನ್ನೇ ನೋಡತೊಡಗಿದೆ. ಅದು ಎದ್ದಾಗ ನನ್ನ ಕೈ ಏಳುವುದು, ಅದು ಹೊರಳಿದ ಕಡೆ ಹೋಗುವುದು, ಅದು ಒತ್ತಿದಾಗ ಒತ್ತುವುದು. ದನಿ ಅವರದಾಯಿತು. ಮೊದಲಿನಂತೆಯೇ. ಕಾಕಾ ಬಾರಿಸುವುದು ನಿಲ್ಲಿಸಿ ನನ್ನನ್ನು ನೋಡಿದರು.

"ಹ್ಯಾಂಗ ತಿಳೀತ್ರಿ ನಿಮಗ?"

"ರೂಢಿ ಆತ್ರಿ ಕಾಕಾ," ಎಂದೆ.

ಗಂಗಾವತಿಯ ಕಲ್ಯಾಣಮಂಟಪವೊಂದರಲ್ಲಿ ಸಂಜೆಯ ಆರತಕ್ಷತೆ. ಅವರನ್ನು ಕುರ್ಚಿಸಮೇತ ಎತ್ತಿ ಸ್ಟೇಜಿಗೆ ಹತ್ತಿಸಲು ನಾಲ್ವರು ಬಂದರು. ಮೆಟ್ಟಿಲ ಬುಡದಲ್ಲಿ ಕಾಕಾ "ತಡೀರಿ" ಎಂದರು. ಬಗ್ಗಿ, ಇದ್ದ ಒಂದೇ ಚಪ್ಪಲಿಯನ್ನು ಬಿಟ್ಟರು. ಎತ್ತಲು ಬಂದವರಲ್ಲಿ ಒಬ್ಬ ಮುಖ ಆಚೆ ತಿರುಗಿಸಿದ. ಮೇಲೆ ಕೂತ ಮೇಲೆ ಹಲಗೆಯನ್ನು ಬೆರಳಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ನನ್ನ ಕಡೆ ಬಾಗಿ ಹೇಳಿದರು: "ಇವತ್ತ ಮಾಫಿ ಕೇಳೂದೈತೇನ್ರಿ? ಕಿನ್ನಾಳದಾಂವ ಹೇಳಿದ್ದ ಖರೆ ಆತು ನೋಡ್ರಿ. ಬಾರ್ಸೋದು ಕೈಲೇನ." ನಗಲು ನೋಡಿದರು. ನಾನೂ ನಕ್ಕೆ. ಆ ಸಂಜೆ ತೊಡೆ ಎಷ್ಟು ಸಲ ಎದ್ದಿತೋ ಅಷ್ಟು ಸಲ ನನ್ನ ಕೈ ಎದ್ದಿತು. ಕೊನೆಯ ಹಾಡು ಮುಗಿದು, ಸವತಿ ಅದರ ಕೊನೆಯ ಸ್ವರವನ್ನು ದೂರದಿಂದ ಕೇಳಿಸುತ್ತಿದ್ದಾಗ, ಕಾಕಾ ನನ್ನ ಎಡಗೈಯ ಮೇಲೆ ಕೈಯಿಟ್ಟರು. "ಕುದ್ದೈತಿ," ಎಂದರು.

ಹೀಗೆ ಬೇಸಿಗೆಯ ಮದುವೆಗಳನ್ನೆಲ್ಲ ಮುಗಿಸಿದೆವು. ಮಳೆಗಾಲಕ್ಕೆ ಎಡಗಾಲಿಗೂ ಹುಣ್ಣಾಯಿತು. ಈ ಸಲ ಹುಬ್ಬಳ್ಳಿಗೆ ಹೋಗಲು ಅವರು ಒಪ್ಪಲಿಲ್ಲ, ಒಪ್ಪಿಸುವಷ್ಟರಲ್ಲಿ ಜ್ವರ ಏರಿ ಎರಡು ದಿನದಲ್ಲಿ ಹೋಗಿಬಿಟ್ಟರು. ಸುದ್ದಿ ಬಂದಾಗ ನಾನು ತರಗತಿಯಲ್ಲಿದ್ದೆ. ಬೋರ್ಡಿಗೆ ತಿರುಗಿ ನಿಂತವನಿಗೆ ಮಕ್ಕಳ ಕಡೆ ತಿರುಗಲು ಆಗಲಿಲ್ಲ. ನನಗೆ ಅಣ್ಣನಿಲ್ಲ, ಅಪ್ಪ ಬೇಗ ಹೋದರು. ಇವರು ಏನಾಗಿದ್ದರೆಂದು ಅವತ್ತು ತಿಳಿಯಿತು.

ದಿನಕರ್ಮಗಳು ಮುಗಿದ ಮೇಲೆ ಕಾಕಿ ಕರೆಸಿ ಹಲಗೆಯಿಂದ ಪೆಡಲ್ ಬಿಚ್ಚಿಕೊಡಲು ಹೇಳಿದರು. ಒಂದೊಂದೇ ಬಿಚ್ಚಿದೆ. ಅಂಟುಪಟ್ಟಿಯ ಜೊತೆ ಅಲ್ಲಲ್ಲಿ ಬಳ್ಳಿಯ ಹಸಿರು ಎದ್ದು ಬಂತು. ದೇವಿಗೆ ಏನೂ ಆಗಿರಲಿಲ್ಲ. ಕಾಕಿ ಅದನ್ನು ಮತ್ತೆ ಅದೇ ಮೊಳೆಗೆ ಹಾಕಿ ಹೂವು ಏರಿಸಿದರು. ಪೆಡಲ್‌ಗಳಲ್ಲಿ ಸವತಿಯನ್ನು ಮಾತ್ರ ಕೈಗೆ ತೆಗೆದುಕೊಂಡರು. "ಇಕಿ ನನ್ನ ಕೂಡ ಇರಲಿರಿ. ಇಬ್ಬರೂ ಅವರನ್ನ ಕಳಕೊಂಡವ್ರು," ಎಂದರು.

ಆರ್ಕೆಸ್ಟ್ರಾ ನಿಂತಿಲ್ಲ. ಹೊಸ ಗಿಟಾರಿನವನು ಬಂದಿದ್ದಾನೆ, ಒಳ್ಳೆಯವನು, ಚೆನ್ನಾಗಿಯೇ ಬಾರಿಸುತ್ತಾನೆ. ಅವನ ಹತ್ತಿರ ಎಲ್ಲ ದನಿಗಳೂ ಒಂದೇ ಯಂತ್ರದಲ್ಲಿವೆ, ಹೆಗಲ ಚೀಲದಲ್ಲಿ ಹಿಡಿಯುತ್ತದೆ. ಬೂಟು ಹಾಕಿಕೊಂಡೇ ಒತ್ತುತ್ತಾನೆ. ನನ್ನ ಜಾಗ ಈಗಲೂ ಗಿಟಾರಿನ ಬಲಮಗ್ಗುಲಿಗೆ. ಪಲ್ಲವಿ ಮುಗಿಯುತ್ತ ಬಂದಾಗ ನನಗರಿವಿಲ್ಲದೆ ಕಣ್ಣು ಅವನ ಬಲತೊಡೆಯ ಕಡೆ ಹೋಗುತ್ತದೆ. ತೊಡೆ ಏಳುತ್ತದೆ. ನನ್ನ ಎಡಗೈ ಕೀಬೋರ್ಡು ಬಿಟ್ಟು ಮೇಲೆದ್ದು, ಕುರ್ಚಿ ಇರುತ್ತಿದ್ದ ಕಡೆ ಹೋಗುತ್ತದೆ. ಅಷ್ಟರಲ್ಲಿ ಅವನ ಕಾಲು ಒತ್ತಿಬಿಟ್ಟಿರುತ್ತದೆ.